ಮದುವೆ ಮನೆ ಬಾಗಿಲಲ್ಲೇ ನಿಂತ ಜ್ಯಾಕ್ ಕರ್ಬಿ

ಹೋದ ತಿಂಗಳು ನಮ್ಮ ಓದುಗರ ಬಳಗದಲ್ಲಿ ಅಮೆರಿಕಾದ ಸೂಪರ್‌ಹೀರೋ ಕಾಮಿಕ್ಸಲ್ಲಿ ಬರೋ ಪ್ರೀತಿ ಬಗ್ಗೆ, ಅದನ್ನ ಬರೆದ ಕಲಾವಿದರ ಬಗ್ಗೆ ಮಾತಾಡಿದ್ದು ಇದು. ರೆಕಾರ್ಡ್ ಮಾಡಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ, ಮಧ್ಯೆ ಫ್ಯಾನ್ ಸದ್ದು, ಯಾರದೋ ಫೋನು, ನನ್ನ ಕೆಮ್ಮು ಎಲ್ಲಾ ತೆಗೆದಿದೀನಿ, ಮಾತು ಮಾತ್ರ ಹೆಚ್ಚು ಕಮ್ಮಿ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಪ್ರೊಜೆಕ್ಟರ್ ಕೈಕೊಟ್ಟಿದೆ, ಹಾಗಾಗಿ ಸ್ಲೈಡ್ ಇಲ್ಲ. ನನ್ನ ಹತ್ರ ಇರೋ ಪುಟಗಳನ್ನೇ ಒಂದೊಂದಾಗಿ ಕೊಡ್ತೀನಿ, ಕೈಯಿಂದ ಕೈಗೆ ದಾಟಿಸ್ತಾ ಹೋಗಿ, ಈಗಷ್ಟೇ ಬೋಂಡ ತಿಂದೋರು ದಯವಿಟ್ಟು ಪಕ್ಕದವರ ಕೈಲಿ ಹಿಡಿಸ್ಕೊಂಡು ನೋಡಿ.

ಮೊದಲನೇ ಹಾಳೆ 1965ರದ್ದು. ಫೆಂಟಾಸ್ಟಿಕ್ ಫೋರ್ ಅಂತ ಮಾರ್ವೆಲ್ ಕಂಪನಿಯ ಕಾಮಿಕ್, ಅದರ ಮೂರನೇ ವಾರ್ಷಿಕ ಸಂಚಿಕೆ. ರೀಡ್ ರಿಚರ್ಡ್ಸ್ ಅಂತ ರಬ್ಬರ್ ಥರ ಎಳೆದಷ್ಟೂ ಉದ್ದ ಆಗೋ ವಿಜ್ಞಾನಿ, ಸೂ ಸ್ಟಾರ್ಮ್ ಅಂತ ಕಣ್ಣಿಗೆ ಕಾಣದ ಹಾಗೆ ಮಾಯ ಆಗೋ ಹುಡುಗಿ, ಇಬ್ರಿಗೂ ಮದುವೆ. ಮದುವೆ ಕೆಡಿಸೋಕೆ ಡಾಕ್ಟರ್ ಡೂಮ್ ಅನ್ನೋನು ಒಂದು ಯಂತ್ರ ಬಿಟ್ಟು ಊರಲ್ಲಿರೋ ಖಳನಾಯಕರನ್ನೆಲ್ಲ ಎಬ್ಬಿಸಿ ಕಳಿಸ್ತಾನೆ, ಬಂದ ನೆಂಟರೆಲ್ಲ ಹೀರೋಗಳೇ ಆಗಿರೋದ್ರಿಂದ ಊಟಕ್ಕೆ ಮುಂಚೆ ಹೊಡೆದಾಟ, ಕೊನೆಗೆ ಎಲ್ಲಾ ಸರಿಹೋಗಿ ಮದುವೆ ಆಗುತ್ತೆ. ಕೊನೇ ಪುಟದಲ್ಲಿ ಇಬ್ರು ಗಂಡಸರು ಬಾಗಿಲಿಗೆ ಬರ್ತಾರೆ, ಕಾವಲಿನವನು ಆಮಂತ್ರಣ ಇಲ್ಲ ಅಂತ ಒಳಗೆ ಬಿಡಲ್ಲ. ಆ ಇಬ್ರು ಯಾರು ಅಂದ್ರೆ ಈ ಕಾಮಿಕ್ ಮಾಡಿದ ಸ್ಟ್ಯಾನ್ ಲೀ ಮತ್ತೆ ಜ್ಯಾಕ್ ಕರ್ಬಿ. ಸರಿ ಬಿಡು, ನಡಿ ಆಫೀಸಿಗೆ ಹೋಗಿ ಮುಂದಿನ ಸಂಚಿಕೆ ಶುರು ಮಾಡೋಣ ಅಂತ ಹೊರಟು ಹೋಗ್ತಾರೆ. ತಮಾಷೆ ಅಂತಾನೇ ಮಾಡಿದ್ದು. ಆದ್ರೆ ಈ ಪುಟ ನೋಡಿದಾಗೆಲ್ಲ ನಂಗೆ ನಗು ಬರೋದು ಅರ್ಧ ಮಾತ್ರ, ಯಾಕೆ ಅನ್ನೋದೇ ಇವತ್ತಿನ ಮಾತು.

ಸೂಪರ್‌ಹೀರೋ ತಂಡಗಳಲ್ಲಿ ಪ್ರೀತಿ ಪ್ರೇಮ ಅಂದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಹೊಡೆದಾಟದ ಮಧ್ಯೆ ಹಾಕೋ ಒಗ್ಗರಣೆ. ನಾನು ಹೇಳೋದು ಏನಂದ್ರೆ ಅದೇ ಸಾರು, ಹೊಡೆದಾಟಾನೇ ಒಗ್ಗರಣೆ. ಜೊತೆಗೆ ಇನ್ನೊಂದು ಮಾತು, ಈ ಪ್ರೀತಿಗಳೆಲ್ಲ ಹುಟ್ಟಿದ್ದು ಚಿತ್ರ ಬರೆಯೋರ ಕೈಯಲ್ಲಿ, ಆದ್ರೆ ಆ ಜೋಡಿಗಳು ಸೇರಿದ್ದು ಕಂಪನಿಗೆ, ಹಾಗಾಗಿ ಕಲಾವಿದ ಜಗಳ ಆಡ್ಕೊಂಡೋ ಬೇಜಾರಾಗಿಯೋ ಎದ್ದು ಹೋದಾಗ ಪೆನ್ಸಿಲ್ಲು ಬ್ರಷ್ಷು ತಗೊಂಡು ಹೋಗಬಹುದೇ ಹೊರತು ಆ ಹುಡುಗಿ ನೋಡಿದ ನೋಟಾನ ತಗೊಂಡು ಹೋಗೋಕೆ ಆಗಲ್ಲ. ಧಾರಾವಾಹಿಲಿ ಇದ್ದಕ್ಕಿದ್ದ ಹಾಗೆ ಸೋಮವಾರದಿಂದ ಬೇರೆ ಹೀರೋ ಬರ್ತಾನಲ್ಲ, ಹೆಂಡತಿ ಅದೇ, ಅತ್ತೆ ಅದೇ, ಮನೆ ಸೋಫಾನೂ ಅದೇ, ಮುಖ ಮಾತ್ರ ಬೇರೆ, ಹಾಗೆ. ಇಲ್ಲಿ ನಟ ಅಂದ್ರೆ ಆರ್ಟಿಸ್ಟು.

ಇದಕ್ಕೆ ಕಾರಣ ಅವರು ಕೆಲಸ ಮಾಡ್ತಿದ್ದ ರೀತಿ. ಅರವತ್ತರ ದಶಕದಲ್ಲಿ ಮಾರ್ವೆಲ್‌ನಲ್ಲಿ ಪೂರ್ತಿ ಸ್ಕ್ರಿಪ್ಟ್ ಕೊಡ್ತಿರಲಿಲ್ಲ. ಸ್ಟ್ಯಾನ್ ಲೀ ಕತೆ ಎಳೆ ಮಾತಾಡೋರು, ಕೆಲವು ಸಲ ಒಂದು ಪುಟದ ಟಿಪ್ಪಣಿ, ಕೆಲವು ಸಲ ಫೋನಲ್ಲಿ ನಾಲ್ಕು ಮಾತು. ಆಮೇಲೆ ಕಲಾವಿದ ಮನೇಲಿ ಕೂತು ಇಪ್ಪತ್ತು ಪುಟ ಪೂರ್ತಿ ಬರೆದು ತರೋನು, ಯಾರು ಯಾವಾಗ ತಿರುಗಿ ನೋಡಿದ್ರು, ಯಾರು ಕೈ ಬಿಡಿಸ್ಕೊಂಡ್ರು, ಯಾರು ಬಾಗಿಲ ಹತ್ರ ಒಂದು ಕ್ಷಣ ನಿಂತ್ರು, ಎಲ್ಲಾ ಅವನದೇ ನಿರ್ಧಾರ. ಕರ್ಬಿ ಅಂತೂ ಪುಟದ ಅಂಚಲ್ಲಿ ಇಲ್ಲಿ ಏನಾಗ್ತಿದೆ ಅಂತ ಪೆನ್ಸಿಲ್ಲಲ್ಲಿ ಗೀಚಿ ಕೊಡ್ತಿದ್ರು. ಅದಾದ್ಮೇಲೆ ಲೀ ಮಾತು ತುಂಬೋರು. ಹೆಸರು ಹಾಕುವಾಗ ರೈಟರ್ ಅಂತ ಲೀ, ಪೆನ್ಸಿಲರ್ ಅಂತ ಕರ್ಬಿ. ಅವರ ಭಾಷೇಲಿ ರೈಟಿಂಗು ಬೇರೆ ಡ್ರಾಯಿಂಗು ಬೇರೆ, ಅದಕ್ಕೇ ಅಷ್ಟು ವರ್ಷ ಅಷ್ಟು ಕೋರ್ಟು ಕಚೇರಿ ನಡೀತು. ನಾವು ಪುಣ್ಯವಂತರು, ಕನ್ನಡದಲ್ಲಿ ಕತೇನೂ ಬರೀತೀವಿ ಚಿತ್ರಾನೂ ಬರೀತೀವಿ, ಎರಡಕ್ಕೂ ಒಂದೇ ಕ್ರಿಯಾಪದ. ಇವತ್ತು ನಾನು ಬರೆದ್ರು ಅಂದಾಗೆಲ್ಲ ನೀವು ಎರಡನ್ನೂ ಸೇರಿಸಿ ಕೇಳಿಸ್ಕೊಳ್ಳಿ.

ಕರ್ಬಿಗೆ ಪ್ರೀತಿ ಬರೆಯೋದು ಹೊಸದೇನಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿರಲ್ಲ, ಅಮೆರಿಕಾದಲ್ಲಿ ರೋಮ್ಯಾನ್ಸ್ ಕಾಮಿಕ್ಸ್ ಅನ್ನೋ ಪ್ರಕಾರ ಶುರು ಮಾಡಿದ್ದೇ ಈ ಮನುಷ್ಯ, ತನ್ನ ಜೊತೆಗಾರ ಜೋ ಸೈಮನ್ ಜೊತೆ ಸೇರಿ, 1947ರಲ್ಲಿ, ಯಂಗ್ ರೋಮ್ಯಾನ್ಸ್ ಅಂತ. ಅದಕ್ಕೂ ಮುಂಚೆ 1941ರಲ್ಲಿ ಇದೇ ಇಬ್ರು ಕ್ಯಾಪ್ಟನ್ ಅಮೆರಿಕಾ ಮಾಡಿದ್ರು, ಆಗ ಮಾರ್ವೆಲ್ ಹೆಸರು ಟೈಮ್ಲಿ, ಲಾಭದಲ್ಲಿ ಪಾಲು ಅಂತ ಮಾತಾಗಿತ್ತಂತೆ, ಬರಬೇಕಾದ ದುಡ್ಡು ಬರ್ತಿಲ್ಲ ಅಂತ ಗೊತ್ತಾದ್ಮೇಲೆ ಹತ್ತು ಸಂಚಿಕೆಗೇ ಬಿಟ್ಟು ಡಿಸಿ ಅನ್ನೋ ಎದುರಾಳಿ ಕಾಮಿಕ್ ಕಂಪನಿ ಕಡೆ ಹೋದ್ರು. ಅಂದ್ರೆ ದೊಡ್ಡ ಕಂಪನಿ ಬಿಟ್ಟು ಕಲಾವಿದರು ಹೋಗೋದು ತೊಂಬತ್ತರ ದಶಕದ ಫ್ಯಾಷನ್ ಅಲ್ಲ, ಈ ಉದ್ಯಮದ ಹಾಲುಹಲ್ಲು ಉದುರೋ ಮುಂಚೇನೇ ಶುರುವಾಗಿತ್ತು. ಏಟು ತಿಂದು ಬುದ್ಧಿ ಬಂದಿದ್ದಕ್ಕೋ ಏನೋ ಯಂಗ್ ರೋಮ್ಯಾನ್ಸ್‌ಗೆ ಇಬ್ರೂ ಪ್ರಕಾಶಕರ ಹತ್ರ ಲಾಭದಲ್ಲಿ ಅರ್ಧ ಅಂತ ಕರಾರು ಮಾಡ್ಕೊಂಡ್ರು. ಕರ್ಬಿ ಜೀವನದಲ್ಲಿ ಪಾಲು ಸರಿಯಾಗಿ ಸಿಕ್ಕಿದ ಕೆಲವೇ ಕೆಲಸಗಳಲ್ಲಿ ಅದೂ ಒಂದು, ಅದೂ ಪ್ರೇಮಕತೆಗೆ!

ಹೀಗೆ ಪ್ರೇಮಕತೆ ಬರೆದು ಪಳಗಿದ ಕೈ 1961ರಲ್ಲಿ ಫೆಂಟಾಸ್ಟಿಕ್ ಫೋರ್ ಬರೆಯೋಕೆ ಕೂತಾಗ ಏನಾಗುತ್ತೆ, ಹೀರೋಗಳ ತಂಡ ಅನ್ನೋದು ಒಂದು ಮನೆ ಆಗುತ್ತೆ. ಗಂಡ ಆಗಬೇಕಾದೋನು ಯಾವಾಗ್ಲೂ ಲ್ಯಾಬಲ್ಲಿ, ತಮ್ಮ ಬೆಂಕಿ ಹುಡುಗ, ಗೆಳೆಯನ ಮೈಯೆಲ್ಲಾ ಕಲ್ಲಾಗಿ ಅವನು ಮೂಲೇಲಿ ಕೂತು ಕೊರಗ್ತಾನೆ. ನಾಲ್ಕನೇ ಸಂಚಿಕೆಗೇ ಸಮುದ್ರದ ರಾಜ ನೇಮರ್ ಬಂದ, ಸೂ ಮೇಲೆ ಕಣ್ಣು ಹಾಕಿದ, ಅವಳಿಗೂ ಅವನ ಮೇಲೆ ಏನೋ ಒಂಥರಾ ಸೆಳೆತ. ರೀಡ್ ಮದುವೆ ಆಗ್ತೀಯಾ ಅಂತ ಬಾಯಿ ಬಿಟ್ಟು ಕೇಳಿದ್ದು 35ನೇ ಸಂಚಿಕೇಲಿ, ಅಂದ್ರೆ ಮೂರು ವರ್ಷ ಆದ್ಮೇಲೆ. ನಮ್ಮನೇಲಿ ಆಗಿದ್ರೆ ಅಷ್ಟೊತ್ತಿಗೆ ಅಜ್ಜಿ ಬೇರೆ ಜಾತಕ ತರಿಸಿರೋರು.

ಇಲ್ಲೊಂದು ಪಕ್ಕದ ಗಲ್ಲಿ ಇದೆ, ಹೋಗಿ ಬರೋಣ. ಇದು ತಂಡದ ಕತೆ ಅಲ್ಲ, ಆದ್ರೆ ನನ್ನ ಮಾತಿಗೆ ಇಷ್ಟು ಒಳ್ಳೆ ಉದಾಹರಣೆ ಇನ್ನೊಂದು ಸಿಗಲ್ಲ. ಸ್ಪೈಡರ್ ಮ್ಯಾನ್ ಬರೀತಿದ್ದ ಸ್ಟೀವ್ ಡಿಟ್ಕೊ ಮೇರಿ ಜೇನ್ ಅನ್ನೋ ಹುಡುಗಿನ 25ನೇ ಸಂಚಿಕೇಲಿ ತಂದು ಕೂರಿಸಿದ್ರು, ಆದ್ರೆ ಮುಖಕ್ಕೆ ಅಡ್ಡ ಒಂದು ಹೂವಿನ ಗಿಡ! ಓದುಗರಿಗೆ ಮುಖ ತೋರಿಸ್ಲೇ ಇಲ್ಲ. ಅಷ್ಟೊತ್ತಿಗೆ ಡಿಟ್ಕೊಗೂ ಲೀಗೂ ಮಾತುಕತೆ ನಿಂತು ಹೋಗಿತ್ತು, ಪುಟ ತಂದು ಆಫೀಸಲ್ಲಿ ಕೊಟ್ಟು ಹೋಗೋದು ಅಷ್ಟೇ. 1966ರಲ್ಲಿ 38ನೇ ಸಂಚಿಕೆ ಮುಗಿಸಿ ಎದ್ದು ಹೋದ್ರು. ಅವರ ಜಾಗಕ್ಕೆ ಬಂದೋರು ಜಾನ್ ರೊಮೀಟಾ, ಡಿಸಿಲಿ ವರ್ಷಾನುಗಟ್ಟಲೆ ರೋಮ್ಯಾನ್ಸ್ ಕಾಮಿಕ್ ಬರೆದೋರು. 42ನೇ ಸಂಚಿಕೆ ಕೊನೇ ಪುಟದಲ್ಲಿ ಬಾಗಿಲು ತೆಗೆದ್ರೆ ಮೇರಿ ಜೇನ್ ನಿಂತಿದಾಳೆ, ಕೆಂಪು ಕೂದಲು, ಸಿನಿಮಾ ಪೋಸ್ಟರ್ ಥರ. ಆ ಪುಟಾನೂ ಕಳಿಸ್ತಿದೀನಿ ನೋಡಿ. ಸ್ಪೈಡರ್ ಮ್ಯಾನ್ ಆಗೋ ಹುಡುಗ ಪೀಟರ್ ಪಾರ್ಕರ್‌ನೂ ನೋಡಿ, ಡಿಟ್ಕೊ ಕೈಲಿ ಒಣಕಲು ಕಡ್ಡಿ ಥರ, ಮೂಲೆ ಬೆಂಚಿನ ಹುಡುಗನ ಥರ ಇದ್ದೋನು, ರೊಮೀಟಾ ಕೈಗೆ ಬಂದು ನಾಲ್ಕೇ ತಿಂಗಳಿಗೆ ಕಾಲೇಜ್ ಡೇ ಹೀರೋ. ಕಲಾವಿದ ಬದಲಾದ, ಹಣೆಬರಹ ಬದಲಾಯ್ತು. ಡಿಟ್ಕೊ ಇದ್ದಿದ್ರೆ ಗಿಡದ ಹಿಂದೆ ಯಾವ ಮುಖ ಇರ್ತಿತ್ತೋ.

ವಾಪಸ್ ಕರ್ಬಿಗೆ ಬರೋಣ. ಒಂದೇ ಪತ್ರಿಕೆಗೆ ನೂರಾ ಎರಡು ಸಂಚಿಕೆ ಬರೆದು, ಈ ಮಧ್ಯೆ ರೀಡ್ ಸೂ ಇಬ್ರಿಗೆ ಮಗೂನೂ ಹುಟ್ಟಿಸಿ, 1970ರಲ್ಲಿ ಮಾರ್ವೆಲ್ ಬಿಟ್ರು. ಕಾರಣ ಹೊಸದೇನಲ್ಲ, ಹೆಸರು ಸಿಕ್ತಿಲ್ಲ, ಕಂಪನಿ ಮಾಲೀಕರು ಬದಲಾಗಿದಾರೆ, ಕರಾರು ಸರಿ ಇಲ್ಲ, ಪುಟಕ್ಕಿಷ್ಟು ಅಂತ ಕೂಲಿ ಬಿಟ್ರೆ ಕೈಗೆ ಏನೂ ಇಲ್ಲ. ಡಿಸಿಗೆ ಹೋಗಿ ಮಿಸ್ಟರ್ ಮಿರಾಕಲ್ ಅಂತ ಶುರು ಮಾಡಿದ್ರು, ಅದರ ಹೀರೋ ಏನು ಮಾಡ್ತಾನೆ ಗೊತ್ತಾ, ಕಟ್ಟಿ ಹಾಕಿದ ಜಾಗದಿಂದ ತಪ್ಪಿಸ್ಕೊಳ್ತಾನೆ, ಅದೇ ಅವನ ಕಸುಬು. ಅವನಿಗೊಬ್ಬಳು ಹುಡುಗಿ, ಬಿಗ್ ಬಾರ್ಡಾ, ಅವನಿಗಿಂತ ಎತ್ತರ, ಅವನಿಗಿಂತ ಬಲ, ಜಗಳಕ್ಕೆ ಬಂದೋರ್ನ ಎತ್ತಿ ಬಿಸಾಕೋಳು. ಅವಳ ಸ್ವಭಾವ ಕರ್ಬಿ ತಮ್ಮ ಹೆಂಡತಿ ರಾಜ್ ಅವರಿಂದ ತಗೊಂಡಿದ್ದು ಅಂತ ಹೇಳ್ತಾರೆ. ನಂಗೆ ಇಡೀ ಅಮೆರಿಕನ್ ಕಾಮಿಕ್ಸಲ್ಲಿ ಅತಿ ಇಷ್ಟದ ಜೋಡಿ ಇದೇ, ಅನುಮಾನ ಇಲ್ಲ ಮುನಿಸು ಇಲ್ಲ ಮೂರನೇಯವರಿಲ್ಲ, ಅವನು ಸಾಯೋ ಹಾಗಿರೋ ಪೆಟ್ಟಿಗೆ ಒಳಗೆ ಕೂತಿದ್ರೆ ಇವಳು ಹೊರಗೆ ಕೈ ಕಟ್ಕೊಂಡು ಕಾಯ್ತಾ ನಿಂತಿರ್ತಾಳೆ. ಅದೇ ಪತ್ರಿಕೆ ಆರನೇ ಸಂಚಿಕೇಲಿ ಫಂಕಿ ಫ್ಲ್ಯಾಶ್‌ಮನ್ ಅಂತ ಒಬ್ಬ ಬಾಯಿಬಡುಕ ಬರ್ತಾನೆ, ಅದು ಸ್ಟ್ಯಾನ್ ಲೀ ಮೇಲಿನ ಲೇವಡಿ, ಸ್ವಲ್ಪ ಕಹಿ ಜಾಸ್ತೀನೇ ಆಯ್ತು ಅನ್ಸುತ್ತೆ ನಂಗೆ. 1974ರಲ್ಲಿ 18ನೇ ಸಂಚಿಕೆಗೆ ಪತ್ರಿಕೆ ನಿಂತೋಯ್ತು, ನಿಲ್ಲೋ ಸಂಚಿಕೇಲಿ ಕರ್ಬಿ ಇಬ್ರಿಗೂ ಮದುವೆ ಮಾಡಿಸಿಬಿಟ್ರು. ಮನೆ ಖಾಲಿ ಮಾಡೋ ಮುಂಚೆ ಮಗಳನ್ನ ದಡ ಸೇರಿಸಿದ ಅಪ್ಪನ ಥರ. ಆದ್ರೆ ಬಾರ್ಡಾನೂ ಕರ್ಬಿ ಜೊತೆ ಹೋಗಲಿಲ್ಲ, ಡಿಸಿಲೇ ಉಳಿದಳು.

ಈಗ ಎಕ್ಸ್-ಮೆನ್, ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇರೋರ ತಂಡ, ಮಾರ್ವೆಲ್‌ದೇ. ಇದಕ್ಕೇ ಕಾಯ್ತಿದ್ರಿ ಅಂತ ಗೊತ್ತು. ತಂಡದ ಪ್ರೀತಿ ಅಂದ್ರೆ ಸ್ಕಾಟ್ ಮತ್ತೆ ಜೀನ್, ಅಂದ್ರೆ ಸೈಕ್ಲಾಪ್ಸ್ ಅನ್ನೋ ಹೆಸರಿನ ಸ್ಕಾಟ್ ಮತ್ತೆ ಜೀನ್ ಗ್ರೇ. 1963ರಲ್ಲಿ ಲೀ ಕರ್ಬಿ ಇಬ್ರೇ ಹುಟ್ಟಿಸಿದ್ದು. ಐದು ಜನರಲ್ಲಿ ಒಬ್ಬಳೇ ಹುಡುಗಿ, ಒಬ್ಬನ್ನ ಬಿಟ್ಟು ಉಳಿದ ಹುಡುಗರೆಲ್ಲ ಅವಳ ಹಿಂದೆ, ಸಾಲದು ಅಂತ ಮೂರನೇ ಸಂಚಿಕೇಲಿ ಮೇಷ್ಟ್ರು ಪ್ರೊಫೆಸರ್ ಎಕ್ಸ್ ಕೂಡ ಮನಸಲ್ಲೇ ನಾನೂ ಇವಳನ್ನ ಪ್ರೀತಿಸ್ತೀನಿ ಆದ್ರೆ ಹೇಳ್ಕೊಳ್ಳಲಾರೆ ಅಂತ ಅನ್ಕೊಳ್ತಾರೆ, ಛೀ! ಆ ಪ್ಯಾನೆಲನ್ನ ಮುಂದೆ ಬಂದೋರಲ್ಲಿ ಹೆಚ್ಚಿನವರು ಕಂಡೂ ಕಾಣದ ಹಾಗೆ ದಾಟಿಬಿಟ್ರು, ನಾವೂ ದಾಟೋಣ.

ಸ್ಕಾಟ್ ಕಷ್ಟ ಏನಂದ್ರೆ ಅವನ ಕಣ್ಣಿಂದ ಸದಾ ಕೆಂಪು ಕಿರಣ ಹೊರಗೆ ಬರುತ್ತೆ, ಎದುರಿಗೆ ಇದ್ದಿದ್ದೆಲ್ಲ ಪುಡಿ. ಅದಕ್ಕೆ ರೂಬಿ ಕ್ವಾರ್ಟ್ಜ್ ಕನ್ನಡಕ ಇಲ್ಲದೆ ಕಣ್ಣು ತೆಗೆಯೋ ಹಾಗಿಲ್ಲ, ಅಂದ್ರೆ ಪ್ರೀತಿಸಿದೋಳನ್ನ ಬರಿಗಣ್ಣಲ್ಲಿ ಒಂದು ಸಲಾನೂ ನೋಡಿಲ್ಲ. ಹದಿನೇಳು ವರ್ಷ ಇದು ಹೀಗೇ ನಡೀತು. 1980ರಲ್ಲಿ 132ನೇ ಸಂಚಿಕೆ, ಕ್ರಿಸ್ ಕ್ಲೇರ್ಮಾಂಟ್ ಮಾತು, ಜಾನ್ ಬರ್ನ್ ಚಿತ್ರ ಮಾಡ್ತಿದ್ದ ಕಾಲ. ಈಗ ಕೊಡ್ತಿರೋ ಹಾಳೆ ಅದೇ, ಹುಷಾರು, ತುಂಬಾ ಹಳೇದು. ನ್ಯೂ ಮೆಕ್ಸಿಕೋದಲ್ಲಿ ಒಂದು ಒಂಟಿ ಬಂಡೆಗುಡ್ಡದ ಮೇಲೆ ಇಬ್ರೇ ಊಟಕ್ಕೆ ಅಂತ ಹೋಗಿದಾರೆ. ಜೀನ್ ಕೈ ಚಾಚಿ ಅವನ ಕನ್ನಡಕ ತೆಗೀತಾಳೆ. ಅವನು ಗಾಬರಿ ಬೀಳ್ತಾನೆ, ಬೇಡ ಅಂತಾನೆ. ಏನೂ ಆಗಲ್ಲ. ಅವಳು ತನ್ನ ಮನಸ್ಸಿನ ಶಕ್ತಿಯಿಂದಾನೇ ಆ ಕಿರಣ ತಡೆದು ಹಿಡಿದಿದಾಳೆ, ನಿನ್ನ ಕಣ್ಣು ನೋಡಬೇಕಿತ್ತು ಅಂತ. ಸೂಪರ್ ಶಕ್ತಿ ಅಂದ್ರೆ ಗುದ್ದಾಡೋಕೆ ಅಂತ ಅನ್ಕೊಂಡಿರೋ ಕಾಲದಲ್ಲಿ ಪ್ರಪಂಚದ ಅತಿ ಬಲಶಾಲಿ ಹೆಂಗಸು ತನ್ನ ಬಲಾನ ಒಬ್ಬನ ಕನ್ನಡಕ ತೆಗೆಯೋಕೆ ಉಪಯೋಗಿಸ್ತಾಳೆ. ಬರ್ನ್ ಆ ಮುಖ ಬರೆದಿರೋದು ನೋಡಿ. ಇಡೀ ಕತೇಲಿ ಅವನಿಗೆ ಕಣ್ಣೇ ಇರ್ಲಿಲ್ಲ, ಇಲ್ಲಿ ಸುಮ್ನೆ ಒಬ್ಬ ಹುಡುಗ.

ಇದಾಗಿ ಐದೇ ಸಂಚಿಕೆಗೆ ಅವಳು ಸತ್ತಳು. ಆ ಸಾವು ಕೂಡ ಬರೆದೋರು ಅನ್ಕೊಂಡ ಹಾಗೆ ಆಗಿದ್ದಲ್ಲ. ಡಾರ್ಕ್ ಫೀನಿಕ್ಸ್ ಅನ್ನೋ ಹತೋಟಿ ತಪ್ಪಿದ ರೂಪ ತಾಳಿ ಜೀನ್ ಒಂದು ನಕ್ಷತ್ರ ನುಂಗ್ತಾಳೆ, ಅದರ ಸುತ್ತ ಇದ್ದ ಒಂದು ಗ್ರಹದ ಜೀವಗಳೆಲ್ಲ ಸಾಯ್ತಾವೆ. ಕ್ಲೇರ್ಮಾಂಟ್ ಬರ್ನ್ ಪ್ಲಾನ್ ಪ್ರಕಾರ ಕೊನೆಗೆ ಅವಳ ಶಕ್ತಿ ಕಿತ್ಕೊಂಡು ಸಾಮಾನ್ಯ ಹೆಂಗಸಾಗಿ ಬಿಡ್ತಾರೆ, ಸ್ಕಾಟ್ ಜೊತೆ ಬದುಕ್ತಾಳೆ, ಪುಟಾನೂ ಬರೆದಾಗಿತ್ತು. ಮುಖ್ಯ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ, ಅಷ್ಟು ಕೋಟಿ ಜೀವ ತೆಗೆದೋಳು ಹಾಗೆ ಮನೆಗೆ ಹೋಗೋ ಹಾಗಿಲ್ಲ ಅಂತ. ಕೊನೆ ಪುಟಗಳನ್ನ ಹೊಸದಾಗಿ ಬರೆದ್ರು, ಚಂದ್ರನ ಮೇಲೆ ಸ್ಕಾಟ್ ಕಣ್ಣೆದುರಿಗೇ ಜೀನ್ ಪ್ರಾಣ ಬಿಟ್ಟಳು. ಮೊದಲು ಬರೆದಿದ್ದ ಆವೃತ್ತಿ 1984ರಲ್ಲಿ ಬೇರೆ ಪುಸ್ತಕವಾಗಿ ಬಂತು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೀನಿ, ಶೂಟರ್ ಹೇಳಿದ್ದೇ ಸರಿ ಅಂತ ಒಪ್ಕೊಳ್ಳೋಕೆ ಹೊಟ್ಟೆ ಉರಿಯುತ್ತೆ ಆದ್ರೆ ಕತೆಯಾಗಿ ಅದೇ ಸರಿ. ನಂಗೆ ಈ ಸಂಚಿಕೆ ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಸಿಕ್ಕಿದಾಗ ಕೊನೇ ಎರಡು ಹಾಳೆ ಹರಿದೋಗಿತ್ತು. ಎಷ್ಟೋ ವರ್ಷ ಜೀನ್ ಬದುಕಿದಾಳೆ ಅಂತಾನೇ ಅನ್ಕೊಂಡಿದ್ದೆ. ಸುಖವಾಗಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಬರ್ನ್ ಎಕ್ಸ್-ಮೆನ್ ಬಿಟ್ರು, 143ನೇ ಸಂಚಿಕೆಗೆ. ಇದು ಕಂಪನಿ ಬಿಟ್ಟಿದ್ದಲ್ಲ, ಜೊತೆಗಾರನನ್ನ ಬಿಟ್ಟಿದ್ದು. ಕಾರಣ ಕೇಳಿದ್ರೆ ನಗ್ತೀರ, ಒಂದು ಮರದ ಬುಡ. ಕೊಲೋಸಸ್ ಅನ್ನೋ ಉಕ್ಕಿನ ಮನುಷ್ಯ ಮರದ ಬುಡ ಕೀಳೋ ದೃಶ್ಯ, ಬರ್ನ್ ಅದನ್ನ ಅವನಿಗೆ ಕಡ್ಡಿ ಕಿತ್ತ ಹಾಗೆ ಅಂತ ಬರೆದ್ರಂತೆ, ಅಚ್ಚಾಗಿ ಬಂದಾಗ ಕ್ಲೇರ್ಮಾಂಟ್ ಹಾಕಿದ ಮಾತಲ್ಲಿ ಅವನು ಅಯ್ಯೋ ಎಷ್ಟು ಕಷ್ಟ ಅಂತಿದಾನೆ. ಅದೇ ಕಡೇ ಹುಲ್ಲುಕಡ್ಡಿ ಅಂತ ಬರ್ನ್ ಆಮೇಲೆ ಹೇಳ್ಕೊಂಡಿದಾರೆ. ಆಚೆಯವರಿಗೆ ಕ್ಷುಲ್ಲಕ. ಆದ್ರೆ ನೀವು ಬರೆದ ಮುಖಕ್ಕೆ ಬೇರೆಯವರು ಬೇರೆ ಮಾತು ಹಾಕಿದ್ರೆ, ಅದೂ ತಿಂಗಳು ತಿಂಗಳೂ, ಯಾವಾಗ್ಲೋ ಒಂದು ಮರದ ಬುಡ ಸಿಗುತ್ತೆ.

ಮುಂದಿನ ಭಾಗ ಬೇಗ ಹೇಳಿ ಮುಗಿಸ್ತೀನಿ, ಬಿಪಿ ಏರುತ್ತೆ. ಜೀನ್ ಸತ್ಮೇಲೆ ಕ್ಲೇರ್ಮಾಂಟ್ ಸ್ಕಾಟ್‌ಗೆ ಮ್ಯಾಡೆಲಿನ್ ಪ್ರಯರ್ ಅಂತ ಪೈಲಟ್ ಹೆಣ್ಣು ನೋಡಿ 1983ರಲ್ಲಿ ಮದುವೆ ಮಾಡಿಸಿ, ಮಗು ಆಗಿ, ಹೀರೋಗಿರಿಯಿಂದ ನಿವೃತ್ತಿ ಕೊಡಿಸೋ ಲೆಕ್ಕದಲ್ಲಿದ್ರು. ಕಾಮಿಕ್ಸಲ್ಲಿ ಒಬ್ಬ ಮನುಷ್ಯ ಮುದುಕ ಆಗ್ಲಿ, ಮನೆಗೆ ಹೋಗ್ಲಿ ಅನ್ನೋ ಆಸೆ ಅದು. 1986ರಲ್ಲಿ ಕಂಪನಿಗೆ ಮೊದಲಿನ ಐದು ಜನರ ತಂಡ ಮತ್ತೆ ಬೇಕಾಯ್ತು, ಎಕ್ಸ್-ಫ್ಯಾಕ್ಟರ್ ಅಂತ ಹೊಸ ಪತ್ರಿಕೆ. ಜೀನ್ ಸತ್ತೇ ಇರ್ಲಿಲ್ಲ, ನ್ಯೂಯಾರ್ಕ್ ಹತ್ರ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಗೂಡಿನೊಳಗೆ ಮಲಗಿದ್ಳು, ಸತ್ತೋಳು ಅವಳ ರೂಪ ತಾಳಿದ ಬೇರೆ ಶಕ್ತಿ ಅಂತ ಕತೆ ಕಟ್ಟಿದ್ರು. ಹಳೇ ಹುಡುಗಿ ಬದುಕಿದಾಳೆ ಅಂತ ಫೋನ್ ಬಂತು, ನಮ್ಮ ಹೀರೋ ಕೈಹಿಡಿದೋಳನ್ನ, ಹಸುಗೂಸನ್ನ ಬಿಟ್ಟು ಎದ್ದು ಹೋದ. ನಳ ದಮಯಂತಿನ ಕಾಡಲ್ಲಿ ಬಿಟ್ಟು ಹೋಗಿದ್ದಕ್ಕೆ ಕಲಿ ಹಿಡಿದಿದ್ದ ಅಂತ ನೆಪ ಆದ್ರೂ ಇತ್ತು, ಇವನಿಗೆ ಹಿಡಿದಿದ್ದು ಮಾರ್ಕೆಟಿಂಗು. ಮೂರು ವರ್ಷ ಕಳೆದು ಆ ಹೆಂಡತಿನ ರಾಕ್ಷಸಿ ಮಾಡಿ ಸಾಯಿಸಿದ್ರು, ಅಂದ್ರೆ ಗಂಡ ಮಾಡಿದ ತಪ್ಪು ಮುಚ್ಚೋಕೆ ಹೆಂಡತಿನ ಕೆಟ್ಟೋಳು ಮಾಡೋದು, ಇದು ಎಲ್ಲೂ ಕೇಳಿಲ್ಲದ ಕತೆ ಏನಲ್ಲ ಬಿಡಿ.

1991ಕ್ಕೆ ಬನ್ನಿ. ಈಗ ಕಲಾವಿದರೇ ಸ್ಟಾರ್‌ಗಳು. ಜಿಮ್ ಲೀ ಅಂತ ಹುಡುಗ, ಕೊರಿಯಾದಲ್ಲಿ ಹುಟ್ಟಿ ಅಮೆರಿಕಾದಲ್ಲಿ ಬೆಳೆದೋನು, ಅವನು ಬರೆದ ಹೊಸ ಎಕ್ಸ್-ಮೆನ್ ಮೊದಲ ಸಂಚಿಕೆ 80 ಲಕ್ಷಕ್ಕೂ ಜಾಸ್ತಿ ಪ್ರತಿ ಅಂಗಡಿಗಳಿಗೆ ಹೋಯ್ತು, ಐದು ಬೇರೆ ಬೇರೆ ಮುಖಪುಟ, ಜನ ಐದೂ ತಗೊಂಡ್ರು, ಮುಂದೆ ಬೆಲೆ ಬರುತ್ತೆ ಅಂತ ಪ್ಲಾಸ್ಟಿಕ್ ಕವರಲ್ಲಿ ಇಟ್ರು, ಬೆಲೆ ಬರಲಿಲ್ಲ. ಆ ಸಂಚಿಕೆ ಮಾತು ಕ್ಲೇರ್ಮಾಂಟ್‌ದು, ಅವರು 1975ರಿಂದ ಈ ಜನರನ್ನ ಸಾಕಿದೋರು. ಆದ್ರೆ ಕತೆ ಯಾವ ಕಡೆ ಹೋಗಬೇಕು ಅನ್ನೋ ಜಗ್ಗಾಟದಲ್ಲಿ ಸಂಪಾದಕರು ಆರ್ಟಿಸ್ಟ್ ಕಡೆ ನಿಂತ್ರು. ಮೂರನೇ ಸಂಚಿಕೆಗೆ ಕ್ಲೇರ್ಮಾಂಟ್ ಹೊರಗೆ. ಹದಿನಾರು ವರ್ಷ! ಈ ಸಲ ತಿರುಗುಬಾಣ, ಚಿತ್ರ ಬರೆಯೋರ ಕೈ ಮೇಲಾಗಿ ಮಾತು ಬರೆಯೋನು ಹೋದ.

ಜಿಮ್ ಲೀ ಕಾಲದ ಪ್ರೀತಿ ಯಾವುದು ಅಂದ್ರೆ ರೋಗ್ ಮತ್ತೆ ಗ್ಯಾಂಬಿಟ್. ಅವಳು ಯಾರನ್ನ ಮುಟ್ಟಿದ್ರೂ ಅವರ ಶಕ್ತಿ, ನೆನಪು, ಪ್ರಜ್ಞೆ ಎಲ್ಲಾ ಹೀರ್ಕೊಂಡುಬಿಡ್ತಾಳೆ, ಚರ್ಮಕ್ಕೆ ಚರ್ಮ ತಾಕೋ ಹಾಗಿಲ್ಲ. ಅವನು ಊರಿಗೆಲ್ಲ ಕಣ್ಣು ಹೊಡೆಯೋ ಕಳ್ಳ, ಇಸ್ಪೀಟ್ ಎಲೆ ಎಸೀತಾನೆ ಅದು ಸಿಡಿಯುತ್ತೆ. ಮುಟ್ಟಬಾರದೋಳಿಗೆ ಮುಟ್ಟದೆ ಇರಲಾರದೋನ ಜೋಡಿ, ಬೇಡ ಅಂದ್ರೂ ಕತೆ ತಾನೇ ಓಡುತ್ತೆ. ನಾಲ್ಕನೇ ಸಂಚಿಕೇಲಿ ಬಾಸ್ಕೆಟ್‌ಬಾಲ್ ಆಡ್ತಾರೆ, ಎಂಟನೇದರಲ್ಲಿ ಪಿಕ್ನಿಕ್ ಹೋಗ್ತಾರೆ, ಬುಟ್ಟಿ ಬಿಚ್ಚೋದರೊಳಗೆ ಗ್ಯಾಂಬಿಟ್ ಹೆಂಡತಿ ಬಂದು ನಿಲ್ತಾಳೆ, ಇವನಿಗೆ ಮದುವೆ ಆಗಿರೋದು ಯಾರಿಗೂ ಗೊತ್ತಿಲ್ಲ! ಈ ಗಂಟು ಬಿಚ್ಚೋಕೆ ಮುಂಚೇನೇ, ಹನ್ನೊಂದನೇ ಸಂಚಿಕೆಗೆ ಜಿಮ್ ಲೀ ಕೆಲಸ ಮುಗೀತು. ಯಾಕಂದ್ರೆ ಅಷ್ಟೊತ್ತಿಗೆ ಅವರು ಕಂಪನಿಲಿ ಇರ್ಲಿಲ್ಲ.

1991ರ ಡಿಸೆಂಬರಲ್ಲಿ ಟಾಡ್ ಮ್ಯಾಕ್‌ಫಾರ್ಲೇನ್, ರಾಬ್ ಲೈಫೆಲ್ಡ್, ಜಿಮ್ ಲೀ ನ್ಯೂಯಾರ್ಕಲ್ಲಿ ಮಾರ್ವೆಲ್ ಅಧ್ಯಕ್ಷ ಟೆರಿ ಸ್ಟುವರ್ಟ್ ಆಫೀಸಿಗೆ ಹೋಗಿ ನಾವು ಹೊರಟ್ವಿ ಅಂತ ಹೇಳಿ ಬಂದ್ರು. ಮಾರ್ಕ್ ಸಿಲ್ವೆಸ್ಟ್ರಿ, ಎರಿಕ್ ಲಾರ್ಸೆನ್, ಜಿಮ್ ವ್ಯಾಲೆಂಟಿನೊ, ವಿಲ್ಸ್ ಪೋರ್ಟಾಸಿಯೊ ಸೇರಿ ಏಳು ಜನ. ಇಮೇಜ್ ಕಾಮಿಕ್ಸ್. ಅದರ ನಿಯಮ ಎರಡೇ ಎರಡು, ಕಂಪನಿ ತನ್ನ ಲೋಗೋ ಬಿಟ್ಟು ಬೇರೆ ಯಾವುದಕ್ಕೂ ಮಾಲೀಕ ಅಲ್ಲ, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ. ಇವರಿಗೆ ದುಡ್ಡು ಬರ್ತಿರಲಿಲ್ಲ ಅಂತಲ್ಲ, ಮಾರಾಟದ ಮೇಲೆ ರಾಯಲ್ಟಿ ಚೆನ್ನಾಗೇ ಬರ್ತಿತ್ತು. ಆದ್ರೆ ತಾವು ಬರೆದ ಚಿತ್ರ ಟೀಶರ್ಟ್ ಮೇಲೆ ಕಾಣುತ್ತೆ, ಪಾತ್ರ ತಮ್ಮದಲ್ಲ, ನಾಳೆ ತೆಗೆದು ಬೇರೆಯವರ ಕೈಗೆ ಕೊಟ್ರೂ ಕೇಳೋ ಹಾಗಿಲ್ಲ. ಕರ್ಬಿಗೆ ಏನಾಯ್ತು ಅಂತ ಇವರೆಲ್ಲ ಕಣ್ಣಾರೆ ಕಂಡಿದ್ರು. ಎಂಬತ್ತರ ದಶಕದಲ್ಲಿ ಮಾರ್ವೆಲ್ ಕಲಾವಿದರಿಗೆ ಅವರವರ ಹಳೇ ಮೂಲ ಚಿತ್ರದ ಹಾಳೆ ವಾಪಸ್ ಕೊಡೋಕೆ ಶುರು ಮಾಡ್ತು, ಉಳಿದೋರಿಗೆ ಸಹಿ ಹಾಕೋಕೆ ಒಂದು ಪುಟದ ಫಾರಂ, ಕರ್ಬಿಗೆ ಮಾತ್ರ ನಾಲ್ಕು ಪುಟದ್ದು. ಅವರು ಹಾಕಲ್ಲ ಅಂದ್ರು. ಕೊನೆಗೆ 1987ರಲ್ಲಿ ಕೈಗೆ ಬಂದಿದ್ದು ಸುಮಾರು 2,000 ಹಾಳೆ, ಅವರು ಬರೆದಿದ್ದರಲ್ಲಿ ಅದೊಂದು ಸಣ್ಣ ಪಾಲು ಅಷ್ಟೇ.

ಇಮೇಜ್ ಪ್ರೀತಿ ವಿಷಯದಲ್ಲಿ ಏನು ಮಾಡ್ತು ಅಂತ ಕೇಳಿ, ನಿಜ ಹೇಳ್ತೀನಿ, ಜಾಸ್ತಿ ಏನಿಲ್ಲ. ಮೊದಲ ವರ್ಷದ ತಂಡಗಳೆಲ್ಲ ಹಲ್ಲು ಕಚ್ಕೊಂಡು ಮೈತುಂಬಾ ಚೀಲ ಕಟ್ಕೊಂಡು ಓದುಗರ ಕಡೆ ಓಡಿ ಬರ್ತಿರ್ತಾರೆ, ಒಬ್ಬರ ಮುಖ ಒಬ್ಬರು ನೋಡೋಕೆ ಪುರಸೊತ್ತಿಲ್ಲ. ಪುಸ್ತಕಾನೂ ಹೇಳಿದ ತಿಂಗಳಿಗೆ ಬರ್ತಿರಲಿಲ್ಲ. ಆದ್ರೆ ಒಂದು ಇದೆ. ಮ್ಯಾಕ್‌ಫಾರ್ಲೇನ್ ಅವರ ಸ್ಪಾನ್, 1992 ಮೇ, ಮೊದಲ ಸಂಚಿಕೆ 17 ಲಕ್ಷ ಪ್ರತಿ. ಸರಪಳಿ, ಮುಳ್ಳು, ಕೆಂಪು ಬಟ್ಟೆ ಎಲ್ಲಾ ಸರಿಸಿ ನೋಡಿದ್ರೆ ಒಳಗಿರೋದು ಏನು, ಸತ್ತ ಮನುಷ್ಯ ನರಕದ ಜೊತೆ ಒಪ್ಪಂದ ಮಾಡ್ಕೊಂಡು ವಾಪಸ್ ಬರ್ತಾನೆ, ಹೆಂಡತಿ ಮುಖ ಇನ್ನೊಂದು ಸಲ ನೋಡಬೇಕು ಅಂತ. ಬಂದು ನೋಡಿದ್ರೆ ಐದು ವರ್ಷ ಕಳೆದಿದೆ, ಅವಳು ಅವನ ಜೀವದ ಗೆಳೆಯನನ್ನ ಮದುವೆ ಆಗಿ ಮಗು ಎತ್ತಿಕೊಂಡಿದಾಳೆ. ಆ ಹೆಂಡತಿ ಹೆಸರು ವಾಂಡಾ. ಮ್ಯಾಕ್‌ಫಾರ್ಲೇನ್ ಅವರ ಹೆಂಡತಿ ಹೆಸರೂ ವಾಂಡಾ. ಮಾರ್ವೆಲ್‌ನಲ್ಲಿ ಕೂತು ಬರೆದಿದ್ರೆ ಆ ಹೆಸರು ಇಡ್ತಿದ್ರಾ, ಹೆಂಡತಿ ಹೆಸರನ್ನ ಕಂಪನಿಗೆ ಬರೆದುಕೊಡ್ತಿದ್ರಾ, ನಂಗೆ ಅನ್ಸಲ್ಲ.

ಆದ್ರೆ ಇದನ್ನ ರಾಮರಾಜ್ಯ ಅನ್ಕೋಬೇಡಿ. ಅದೇ ಸ್ಪಾನ್ ಪತ್ರಿಕೇಲಿ ಬೇರೆ ಬರಹಗಾರ ನೀಲ್ ಗೇಮನ್ ಸೃಷ್ಟಿಸಿದ ಪಾತ್ರಗಳಲ್ಲಿ ಅವರಿಗೆ ಪಾಲು ಕೊಡೋ ವಿಷಯಕ್ಕೆ ಜಗಳ ಆಗಿ 2002ರಲ್ಲಿ ಕೋರ್ಟಲ್ಲಿ ಮ್ಯಾಕ್‌ಫಾರ್ಲೇನ್ ಸೋತ್ರು. ಮಾಲೀಕತನ ಬೇಕು ಅಂತ ಬಾಗಿಲು ಬಡಿದು ಹೊರಗೆ ಬಂದೋನ ಮೇಲೇ ಇನ್ನೊಬ್ಬ ಬಂದು ಮಾಲೀಕತನದ ಕೇಸ್ ಹಾಕಿದ. ಜಿಮ್ ಲೀ ಇಮೇಜ್ ಒಳಗಿದ್ದ ತಮ್ಮ ಸ್ವಂತ ಕಂಪನಿ ವೈಲ್ಡ್‌ಸ್ಟಾರ್ಮ್‌ನ 1998ರಲ್ಲಿ ಡಿಸಿಗೆ ಮಾರಿ, ಈಗ ಅಲ್ಲೇ ದೊಡ್ಡ ಕುರ್ಚೀಲಿ ಇದಾರೆ. ಎರಿಕ್ ಲಾರ್ಸೆನ್ ಒಬ್ರು ಅವತ್ತು ಶುರು ಮಾಡಿದ ಸ್ಯಾವೇಜ್ ಡ್ರ್ಯಾಗನ್‌ನ ತಾವೇ ಬರೀತಾ ಬಂದಿದಾರೆ, ಅವರ ಹೀರೋಗೆ ವಯಸ್ಸಾಗುತ್ತೆ, ಮಕ್ಕಳಾಗ್ತಾರೆ, ಮಗ ಬೆಳೆದು ಅವನಿಗೂ ಮದುವೆ ಆಗುತ್ತೆ. ಕ್ಲೇರ್ಮಾಂಟ್ ಸ್ಕಾಟ್‌ಗೆ ಬಯಸಿದ್ದು ಇದೇ ಅಲ್ವಾ?

ಸ್ಕಾಟ್ ಜೀನ್ ಮದುವೆ ಕೊನೆಗೂ ಆಯ್ತು, ಹೊಸ ಎಕ್ಸ್-ಮೆನ್ ಪತ್ರಿಕೆ 30ನೇ ಸಂಚಿಕೆ, ಮೇಲೆ 1994 ಮಾರ್ಚ್ ಅಂತ ಇದೆ, ಬರೆದೋರು ಫೇಬಿಯನ್ ನಿಸಿಯೆಝಾ, ಆಂಡಿ ಕ್ಯೂಬರ್ಟ್. ಕ್ಲೇರ್ಮಾಂಟ್ ಇಲ್ಲ, ಬರ್ನ್ ಇಲ್ಲ, ಜಿಮ್ ಲೀ ಇಲ್ಲ. ಹುಡುಗನನ್ನೂ ಹುಡುಗಿನೂ ಹುಟ್ಟಿಸಿದ ಜ್ಯಾಕ್ ಕರ್ಬಿ ಅದೇ ವರ್ಷ ಫೆಬ್ರವರಿ 6ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ತೀರ್ಕೊಂಡ್ರು, ಕಾಮಿಕ್ ಮೇಲೆ ಹಾಕೋ ತಿಂಗಳು ಯಾವಾಗ್ಲೂ ಮುಂದಿನದೇ ಇರುತ್ತೆ, ಹಾಗಾಗಿ ಆ ಮದುವೆ ಸಂಚಿಕೆ ಅಂಗಡೀಲಿ ಇದ್ದಾಗ್ಲೇ. ಅವರ ಮಕ್ಕಳು ಹಕ್ಕಿಗಾಗಿ ಮಾರ್ವೆಲ್ ಜೊತೆ ನಡೆಸಿದ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ, ಅಲ್ಲಿ ಎತ್ತಿಕೊಳ್ಳೋಕೆ ಮುಂಚೆ 2014ರಲ್ಲಿ ರಾಜಿ ಆಯ್ತು. ಅದಾದ್ಮೇಲೆ ಪುಸ್ತಕಗಳ ಒಳಗೆ ಸ್ಟ್ಯಾನ್ ಲೀ ಹೆಸರಿನ ಪಕ್ಕ ಕರ್ಬಿ ಹೆಸರೂ ಸೃಷ್ಟಿಕರ್ತರು ಅಂತ ಬರೋಕೆ ಶುರುವಾಯ್ತು. ರೋಗ್ ಗ್ಯಾಂಬಿಟ್‌ಗೂ ಮದುವೆ ಆಯ್ತು ಅಂತ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವು ಮನೆಗೆ ಬಿಡಲ್ಲ, 2018ರಲ್ಲಿ, ಅದೂ ಬೇರೆಯವರ ಮದುವೆ ಮಂಟಪದಲ್ಲಿ. ಕಿಟ್ಟಿ ಅನ್ನೋಳು ಕೊಲೋಸಸ್‌ನ ಆಗಬೇಕಿತ್ತು, ಕೊನೇ ಗಳಿಗೇಲಿ ಬೇಡ ಅಂದ್ಲು, ಮಂಟಪ ಊಟ ಎಲ್ಲಾ ರೆಡಿ ಇದೆ ಅಂತ ಇವರಿಬ್ರು ಆಗಿಬಿಟ್ರು. ಖರ್ಚು ಉಳೀತು.

ಮಾತು ಇಲ್ಲಿಗೆ ನಿಲ್ಲಿಸಿದೆ, ಪ್ರಶ್ನೆ ಇದ್ರೆ ಕೇಳಿ ಅಂದೆ. ಒಬ್ರು ಹಿರಿಯರು ಫ್ಯಾಂಟಮ್ ಮತ್ತೆ ಅವನ ಹುಡುಗಿ ಡಯಾನಾ ಬಗ್ಗೆ ಯಾಕೆ ಹೇಳಲಿಲ್ಲ ಅಂತ ಬೇಜಾರ್ ಮಾಡ್ಕೊಂಡ್ರು, ಅದು ತಂಡ ಅಲ್ಲ ಸಾರ್, ಒಬ್ಬನೇ ಅಂದ್ರೆ, ಕುದುರೆ ನಾಯಿ ಗುರಾನ್ ಎಲ್ಲಾ ಸೇರಿದ್ರೆ ತಂಡವೇ ಅಲ್ವೇನ್ರೀ ಅಂದ್ರು. ಒಪ್ಪಬೇಕಾದ ಮಾತೇ. ಡಯಾನಾ ಪಾಲ್ಮರ್‌ನ ಮದುವೆಗೆ 1977ರ ತನಕ ಕಾಯಿಸಿದ್ರು ಪಾಪ.

ಆಮೇಲೆ ಹಿಂದಿನ ಸಾಲಲ್ಲಿ ಒಂಬತ್ತನೇ ಕ್ಲಾಸ್ ಇರಬಹುದು, ಅಪ್ಪನ ಜೊತೆ ಬಂದಿದ್ದ ಹುಡುಗಿ, ಮೊದಲನೇ ಹಾಳೆ ಅವಳ ಹತ್ರಾನೇ ಉಳ್ಕೊಂಡಿತ್ತು, ಅದನ್ನ ಎತ್ತಿ ಹಿಡಿದು ಕೇಳಿದ್ಲು. ಈ ಬಾಗಿಲು, ಈ ಕಾವಲಿನವನು, ಇದೆಲ್ಲಾ ಬರೆದಿದ್ದು ಕರ್ಬೀನೇ ಅಲ್ವಾ, ಹಾಗಾದ್ರೆ ಒಳಗೆ ಬಿಡೋ ಹಾಗೆ ಬರ್ಕೋಬಹುದಿತ್ತಲ್ಲ?

ನಂಗೆ ಉತ್ತರ ಹೊಳೀಲಿಲ್ಲ. ಹೌದು ಕಣಮ್ಮಾ ಅಂತ ಮಾತ್ರ ಅಂದೆ. ಹಾಳೆ ಇಸ್ಕೊಂಡು ಕವರಿಗೆ ಹಾಕುವಾಗ ಮೂಲೇಲಿ ಎಣ್ಣೆ ಕಲೆ ಕಂಡಿತು, ಯಾರದು ಅಂತ ಕೇಳೋ ಅಷ್ಟರಲ್ಲಿ ಟೀ ಬಂತು.